ಉಯಿಲಿನಲ್ಲಿ ಹೆಸರಿದ್ದವರು ಮೊದಲೇ ತೀರಿಕೊಂಡರೆ

"ಇವು ನಿಮ್ಮಮ್ಮನಿಗೆ, ಆಮೇಲೆ ನಿನಗೆ" ಎಂದು ದೊಡ್ಡಮ್ಮ ಕೈಯಲ್ಲಿದ್ದ ಎರಡು ಬಂಗಾರದ ಬಳೆಗಳನ್ನು ತಿರುಗಿಸುತ್ತ ಹೇಳುತ್ತಿದ್ದರು. ಉಯಿಲಿನಲ್ಲಿ ಇದ್ದದ್ದು ಮೊದಲ ಅರ್ಧ ಮಾತ್ರ: "ನನ್ನ ತಂಗಿಗೆ ಸೇರತಕ್ಕದ್ದು." ಅಮ್ಮ ಮೊದಲು ಹೋದರು, ಎರಡು ವರ್ಷದ ನಂತರ ದೊಡ್ಡಮ್ಮ. "ಉಳಿದದ್ದೆಲ್ಲ" ಎಂಬ ಸಾಲಿನಲ್ಲಿ ಹೆಸರಿದ್ದ ಅವರ ಮೈದುನನ ಮಗನಿಗೆ ಬಳೆಗಳು ಸೇರಿದವು. ಅವನದೇನೂ ತಪ್ಪಿಲ್ಲ, ಕಾನೂನು ಹಾಗೆಯೇ ಇದೆ. ಆದರೂ ಆ ಬಳೆಗಳ ಸದ್ದು ನೆನಪಾದರೆ ಇಂದಿಗೂ ಕರುಳು ಹಿಂಡುತ್ತದೆ.

ನಿಮ್ಮ ಮನೆಯ ಉಯಿಲನ್ನು ತೆಗೆದು ಓದಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 105ರಂತೆ, ಪಡೆಯಬೇಕಾದವರು ಬರೆದವರಿಗಿಂತ ಮೊದಲೇ ತೀರಿಕೊಂಡರೆ ಆ ಕೊಡುಗೆ ಬಿದ್ದುಹೋಗಿ ಉಳಿಕೆ ಆಸ್ತಿಗೆ, ಅಂದರೆ ಬೇರೆ ಬೇರೆಯಾಗಿ ಹಂಚಿ "ಉಳಿದದ್ದೆಲ್ಲ" ಎಂಬುದಕ್ಕೆ, ಸೇರುತ್ತದೆ. ಬೇರೆಯವರಿಗೆ ಹೋಗಬೇಕೆಂಬ ಇಚ್ಛೆ ಉಯಿಲಿನಲ್ಲೇ ಕಾಣಿಸಿದರೆ ಮಾತ್ರ ಉಳಿಯುತ್ತದೆ. ಬಾಯಿಮಾತಿಗೆ ಬೆಲೆಯಿಲ್ಲ. (ಮುಸ್ಲಿಮರ ವಸಿಯತ್ತಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ.)

ತೀರಿಕೊಂಡವರು ಬರೆದವರ ಮಗ, ಮಗಳು ಅಥವಾ ಮೊಮ್ಮಕ್ಕಳಾಗಿದ್ದರೆ ಸೆಕ್ಷನ್ 109 ಕೈಹಿಡಿಯುತ್ತದೆ. ಅವರ ಸಂತತಿ ಬದುಕಿದ್ದರೆ ಕೊಡುಗೆ ಬೀಳುವುದಿಲ್ಲ. ಇಲ್ಲಿ ಹಲವರು ಎಡವುತ್ತಾರೆ: ಆಸ್ತಿ ನೇರವಾಗಿ ಮೊಮ್ಮಕ್ಕಳಿಗೆ ಹೋಗುವುದಿಲ್ಲ. ತಂದೆ ಸತ್ತ ಮರುಗಳಿಗೆಯೇ ಮಗ ಸತ್ತನೆಂದು ಕಾನೂನು ಭಾವಿಸಿಕೊಂಡು, ಅದನ್ನು ಆ ಮಗನ ಆಸ್ತಿಯೆಂದೇ ಹಂಚುತ್ತದೆ. ಹಿಂದೂ ಕುಟುಂಬದಲ್ಲಿ ಮಗ ತಾನು ಉಯಿಲು ಬರೆಯದೆ ಹೋಗಿದ್ದರೆ, ಅವನ ಹೆಂಡತಿ, ಮಕ್ಕಳು ಮತ್ತು ಬದುಕಿರುವ ತಾಯಿ ಎಲ್ಲರಿಗೂ ಪಾಲಿದೆ. ಮೊಮ್ಮಕ್ಕಳಿಗೇ ಕೊಡಬೇಕೆಂದಿದ್ದರೆ ಹಾಗೆಂದೇ ಬರೆಯಿರಿ. ತಂಗಿ, ತಮ್ಮ, ಅಳಿಯ, ಸೊಸೆ, ಗೆಳತಿ ಇವರಿಗೆ ಬರೆದದ್ದಕ್ಕೆ ಈ ರಕ್ಷಣೆ ಇಲ್ಲ.

ಒಂದೊಂದು ಪದವೂ ಲೆಕ್ಕಕ್ಕೆ ಬರುತ್ತದೆ. "ಇಬ್ಬರಿಗೂ ಜಂಟಿಯಾಗಿ" ಎಂದಿದ್ದು ಒಬ್ಬರು ಮೊದಲೇ ತೀರಿಕೊಂಡರೆ, ಬದುಕಿರುವ ಇನ್ನೊಬ್ಬರಿಗೆ ಪೂರ್ತಿ. "ಇಬ್ಬರಿಗೂ ಸಮಪಾಲು" ಎಂದಿದ್ದರೆ ಸತ್ತವರ ಪಾಲು ಉಳಿಕೆಗೆ. ಉಳಿಕೆ ಆಸ್ತಿ ಪಡೆಯಬೇಕಾದವರೇ ಮೊದಲು ತೀರಿಕೊಂಡರೆ, ಆ ಭಾಗಕ್ಕೆ ಉಯಿಲೇ ಇಲ್ಲವೆಂಬಂತೆ ವಾರಸುದಾರರಿಗೆ ಹಂಚಿಕೆಯಾಗುತ್ತದೆ.

ಬರೆಯಬೇಕಾದದ್ದು ಇಷ್ಟೇ: "ನನಗಿಂತ ಮೊದಲು ನನ್ನ ತಂಗಿ ಮರಣ ಹೊಂದಿದಲ್ಲಿ, ಈ ಬಳೆಗಳು ಆಕೆಯ ಮಗಳಿಗೆ ಸೇರತಕ್ಕದ್ದು." ಹಳೆಯ ಉಯಿಲಿನ ಅಂಚಿನಲ್ಲಿ ಪೆನ್ನಿನಿಂದ ಇದನ್ನು ಸೇರಿಸಿ ಸುಮ್ಮನಾಗಬೇಡಿ. ಹೊಸ ಉಯಿಲನ್ನೋ ಪೂರಕ ಉಯಿಲನ್ನೋ ಬರೆಸಿ, ಕನಿಷ್ಠ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರೂ ನಿಮ್ಮೆದುರೇ ಸಹಿ ಹಾಕಲಿ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ಮನೆಯಲ್ಲಿ ಸಾವಾದಾಗ, ದುಃಖ ಸ್ವಲ್ಪ ತಗ್ಗಿದ ಮೇಲೆ, ಉಯಿಲನ್ನು ಮತ್ತೊಮ್ಮೆ ತೆರೆಯಿರಿ. ಅಮ್ಮ ಹೋದ ಮೇಲೆ ದೊಡ್ಡಮ್ಮನಿಗೆ ಎರಡು ವರ್ಷ ಸಮಯವಿತ್ತು. ಹೇಳಬೇಕಾದವರು ನಾವು, ನಮಗೆ ಬಾಯಿ ಬರಲಿಲ್ಲ.