ಶಿಬಿರದಿಂದ ಶಿಖರಕ್ಕೆ: ಮಕ್ಕಳೊಂದಿಗೆ ಒಂದು ದಿನದ ಚಾರಣ

ಕುಟುಂಬ ಸಮೇತ ಬೆಟ್ಟದ ಬುಡದಲ್ಲಿ ಡೇರೆ ಹಾಕಿಕೊಂಡು ತಂಗಿದಾಗ, ನಡುವಿನ ಒಂದು ದಿನವನ್ನು ಶಿಖರ ಹತ್ತುವುದಕ್ಕೆಂದೇ ಮೀಸಲಿಡುವುದು ನಮ್ಮ ರೂಢಿ. ಮೊದಲ ದಿನ ಪ್ರಯಾಣದ ಆಯಾಸವಿರುತ್ತದೆ, ಕೊನೆಯ ದಿನ ಗಂಟುಮೂಟೆ ಕಟ್ಟುವ ಗಡಿಬಿಡಿ. ಹಾಸಿಗೆ, ಪಾತ್ರೆ, ಒಲೆಗಳೆಲ್ಲ ಡೇರೆಯಲ್ಲೇ ಉಳಿಯುವುದರಿಂದ ಬೆನ್ನಿನ ಹೊರೆ ಹಗುರವೇ ಹೌದು. ಆದರೆ ದಣಿದ ಮಕ್ಕಳನ್ನು ಕತ್ತಲಾಗುವ ಮುನ್ನ ಅದೇ ಡೇರೆಗೆ ಕರೆತಂದು, ಅಡುಗೆ ಮಾಡಿ ಉಣಬಡಿಸುವ ಕೆಲಸ ಬಾಕಿ ಇರುತ್ತದೆ. ಹಾಗಾಗಿ ನಾನು ದಿನದ ಲೆಕ್ಕವನ್ನು ಹಿಂತಿರುಗುವ ಹೊತ್ತಿನಿಂದ ಹಿಂದಕ್ಕೆ ಹಾಕುತ್ತಾ ಬರುತ್ತೇನೆ.

ಈ ಲೆಕ್ಕಕ್ಕೆ ನನಗೆ ಆಧಾರವಾಗಿರುವುದು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ. ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಎಂಬುದು ಅದರ ಸಾರ. ಶಿಖರ 5 ಕಿ.ಮೀ. ದೂರದಲ್ಲಿದ್ದು 600 ಮೀಟರ್ ಏರಬೇಕೆಂದರೆ ಎರಡು ಗಂಟೆಯಾಯಿತು. ಆದರೆ ಈ ಸೂತ್ರ ಗಟ್ಟಿಮುಟ್ಟಾದ ವಯಸ್ಕರಿಗೆ ಹೊಂದುವಂಥದ್ದು, ವಿಶ್ರಾಂತಿಯ ಸಮಯವನ್ನೂ ಅದು ಎಣಿಸುವುದಿಲ್ಲ. ಮಕ್ಕಳು ಜೊತೆಗಿದ್ದಾಗ ನಾನು ಬಂದ ಉತ್ತರವನ್ನು ಒಂದೂವರೆ ಪಟ್ಟು ಮಾಡಿ, ಕೂರುವುದಕ್ಕೂ ತಿನ್ನುವುದಕ್ಕೂ ಸುಮಾರು ಒಂದು ಗಂಟೆ ಸೇರಿಸುತ್ತೇನೆ. ಹೀಗೆ ಎರಡು ಗಂಟೆಯ ಏರು ನಾಲ್ಕು ಗಂಟೆಯದಾಗುತ್ತದೆ. ಇಳಿಯುವುದಕ್ಕೆ ಮೂರು ಗಂಟೆ ಹಿಡಿದರೆ, ಬೆಳಿಗ್ಗೆ 7ಕ್ಕೆ ಹೊರಟವರು ಮಧ್ಯಾಹ್ನ 12ರೊಳಗೆ, ಎಲ್ಲಿದ್ದರೂ ಸರಿ, ಬೆನ್ನು ತಿರುಗಿಸಬೇಕು. ಈ ಹೊತ್ತನ್ನು ಹಿಂದಿನ ರಾತ್ರಿಯೇ ಮಕ್ಕಳಿಗೂ ಹೇಳಿಬಿಡುತ್ತೇನೆ, ಏಕೆಂದರೆ ತುದಿ ಕಣ್ಣೆದುರು ಕಾಣುತ್ತಿರುವಾಗ ಹೇಳಿದ ಮಾತು ಯಾರ ಕಿವಿಗೂ ಹೋಗುವುದಿಲ್ಲ, ನನ್ನ ಕಿವಿಗೂ ಸಹ.

ಹೊರಡುವ ಮುನ್ನ ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಚೀಟಿಯಲ್ಲಿ ಬರೆದು ಶಿಬಿರದಲ್ಲಿ ಉಳಿಯುವವರ ಕೈಗೆ ಕೊಡುತ್ತೇವೆ. ಚೀಲದಲ್ಲಿ ನೀರು, ಒಣ ತಿನಿಸು, ಮಳೆ ಅಂಗಿ, ಟಾರ್ಚ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕಾಗದದ ನಕ್ಷೆ ಇರುತ್ತವೆ. ಪ್ರತಿ 1000 ಮೀಟರ್ ಏರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಅದಕ್ಕೆ ಗಾಳಿಯೂ ಸೇರಿದರೆ ಬೆವರಿನಿಂದ ತೊಯ್ದ ಹತ್ತಿಯ ಬಟ್ಟೆ ಮೈಯನ್ನು ನಡುಗಿಸುತ್ತದೆ. ಆದ್ದರಿಂದ ಬೇಗ ಆರುವ ಬಟ್ಟೆ ತೊಟ್ಟು, ತಲಾ ಒಂದು ಬೆಚ್ಚನೆಯ ಅಂಗಿಯನ್ನು ಕಟ್ಟಿಕೊಳ್ಳುತ್ತೇವೆ. ಮಕ್ಕಳ ಕೊರಳಿಗೆ ಒಂದೊಂದು ಸೀಟಿ ತಪ್ಪದೆ ಇರುತ್ತದೆ. ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಪರ್ವತಗಳಲ್ಲಿ ಆಪತ್ತನ್ನು ತಿಳಿಸುವ ಸಂಕೇತವೆಂದು ಅವರಿಗೆ ಕಲಿಸಿದ್ದೇನೆ. ಕಲಿಸಿದ ದಿನ ಶಿಬಿರದ ಉಳಿದವರು ಪಟ್ಟ ಪಾಡು ಬೇರೆಯೇ ಮಾತು.

ನಡಿಗೆಯಲ್ಲಿ ನಾನು ಬಿಡದೆ ಪಾಲಿಸುವ ಕ್ರಮವೆಂದರೆ, ಚಿಕ್ಕ ಮಗಳನ್ನು ಮುಂದೆ ಬಿಟ್ಟು ನಾನು ಕಟ್ಟಕಡೆಗೆ ನಡೆಯುವುದು. ಬಲವಾದವರು ಮುಂದಿದ್ದರೆ ಅವರು ಅಲ್ಲಲ್ಲಿ ನಿಂತು ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಅವರ ವಿಶ್ರಾಂತಿ ಮುಗಿದು ಹೊರಟೇಬಿಡುತ್ತಾರೆ, ಹೆಚ್ಚು ದಣಿದವರಿಗೇ ಕೂರಲು ಹೊತ್ತು ಸಿಗುವುದಿಲ್ಲ. ಮಗಳು ಮುಂದಿದ್ದಾಗ ದಾರಿಯ ಗುರುತುಗಳನ್ನು ಹುಡುಕುವ ಹೊಣೆ ಅವಳದಾಗಿ, "ಅಪ್ಪಾ, ಇನ್ನೂ ಎಷ್ಟು ದೂರ?" ಎಂಬ ಪ್ರಶ್ನೆಯೂ ಅಪರೂಪವಾಗುತ್ತದೆ. ಮಾತನಾಡುತ್ತಾ ನಡೆಯಲು ಸಾಧ್ಯವಾಗುವ ವೇಗವೇ ಸರಿಯಾದ ವೇಗ. ಮಾತು ತುಂಡಾಗತೊಡಗಿದರೆ ಹೆಜ್ಜೆ ಚಿಕ್ಕದಾಗಬೇಕು.

ಮೊದಲ ಅರ್ಧ ಗಂಟೆ ಕಳೆದ ಮೇಲೆ ಎಲ್ಲರನ್ನೂ ಕೂರಿಸಿ ಶೂ ಬಿಚ್ಚಿಸುತ್ತೇನೆ. ಹಿಮ್ಮಡಿಯ ಮೇಲ್ಭಾಗದಲ್ಲೋ ಕಿರುಬೆರಳಿನ ಪಕ್ಕದಲ್ಲೋ ರೂಪಾಯಿಯಗಲದ ಕೆಂಪು ಕಲೆ ಕಂಡು, ಬೆರಳಿಟ್ಟಾಗ ಬಿಸಿ ತಟ್ಟಿದರೆ, ಅಲ್ಲಿ ಬೊಬ್ಬೆ ಏಳುವುದರಲ್ಲಿದೆ ಎಂದರ್ಥ. ಬೆವರನ್ನು ಒರೆಸಿ, ಚರ್ಮ ಒಣಗಿದ ಮೇಲೆ ಮೂಲೆಗಳನ್ನು ಮೊದಲೇ ದುಂಡಗೆ ಕತ್ತರಿಸಿದ ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ ಹಚ್ಚಿದರೆ ಅದು ಕಾಲುಚೀಲಕ್ಕೆ ಸಿಕ್ಕಿ ಏಳುವುದಿಲ್ಲ. ಈ ಐದು ನಿಮಿಷಕ್ಕೆ ಮಗ ಪ್ರತಿಸಲವೂ ಗೊಣಗುತ್ತಾನೆ. ಗೊಣಗಲಿ, ಬೊಬ್ಬೆ ಒಡೆದವನನ್ನು ಹೊತ್ತು ಇಳಿಯುವುದು ನನ್ನಿಂದಾಗದು.

ಶಿಖರದ ಹತ್ತಿರ ನನ್ನ ಕಣ್ಣು ಹೆಚ್ಚಾಗಿ ಆಕಾಶದ ಮೇಲಿರುತ್ತದೆ. ಬಿಸಿಲೇರಿದಂತೆ ಹೂಕೋಸಿನಂತೆ ಉಬ್ಬುತ್ತಾ ಮೇಲಕ್ಕೆ ಬೆಳೆಯುವ ಮೋಡಗಳು ಮಧ್ಯಾಹ್ನದ ಹೊತ್ತಿಗೆ ಗುಡುಗು ಮಳೆ ತರಬಲ್ಲವು. ಶಬ್ದ ಒಂದು ಕಿ.ಮೀ. ಸಾಗಲು ಸುಮಾರು 3 ಸೆಕೆಂಡು ಬೇಕಾಗುವುದರಿಂದ, ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ.ಗಿಂತ ಹತ್ತಿರದಲ್ಲಿದೆ. ನಾನು ಅಷ್ಟಕ್ಕೂ ಕಾಯುವವನಲ್ಲ. ಗುಡುಗಿನ ಮೊದಲ ಸದ್ದಿಗೇ ಬೋಳು ನೆತ್ತಿಯನ್ನೂ ಏಣನ್ನೂ ಬಿಟ್ಟು ಕೆಳಗಿಳಿಯುತ್ತೇವೆ, ಒಂಟಿ ಮರದಡಿ ನಿಲ್ಲುವುದಿಲ್ಲ. ತುದಿ ಮುಟ್ಟದೆ ಮರಳಿದ ಚಾರಣಗಳು ನಮ್ಮ ಪಾಲಿಗೂ ಬಂದಿವೆ, ಮಕ್ಕಳ ಮುಖ ಬಾಡಿದ್ದೂ ಉಂಟು. ಹಾಗಾದಾಗ ನಾನು ಸಮಾಧಾನದ ಮಾತು ಹೇಳಲು ಹೋಗದೆ ತಿನಿಸಿನ ಡಬ್ಬಿ ತೆರೆಯುತ್ತೇನೆ.

ಇಳಿಜಾರನ್ನು ಹಗುರವಾಗಿ ಕಾಣಬಾರದು. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುವುದರಿಂದ, ಮರುದಿನದ ನೋವಿಗೆ ಏರಿಗಿಂತ ಇಳಿಜಾರೇ ಹೆಚ್ಚು ಕಾರಣ. ಇಳಿಯಲು ಆರಂಭಿಸುವ ಮುನ್ನ ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ ಮರುಕಟ್ಟಿಸುತ್ತೇನೆ, ಇಲ್ಲವಾದರೆ ಪಾದ ಮುಂದಕ್ಕೆ ಜಾರಿ ಬೆರಳ ತುದಿಗಳು ಶೂಗೆ ಬಡಿಯುತ್ತವೆ. ಮೊಣಕಾಲನ್ನು ಸ್ವಲ್ಪ ಬಾಗಿಸಿಕೊಂಡು ಸಣ್ಣ ಹೆಜ್ಜೆಗಳಲ್ಲಿ ಇಳಿಯಬೇಕು. ಮಕ್ಕಳು ಓಡಲು ಹವಣಿಸುವುದು ಇಲ್ಲೇ, ಆದ್ದರಿಂದ ಈಗ ನಾನು ಮುಂದೆ, ನನ್ನ ಪತ್ನಿ ಹಿಂದೆ. ಶಿಬಿರ ತಲುಪಿದೊಡನೆ, ಶೂ ಕಳಚುವುದಕ್ಕೂ ಮೊದಲು, ಬೆಳಿಗ್ಗೆ ಚೀಟಿ ಕೊಟ್ಟವರಿಗೆ ನಾವು ಮರಳಿದ್ದನ್ನು ತಿಳಿಸುತ್ತೇವೆ. ಅದನ್ನು ಮರೆತರೆ ಡೇರೆಯಲ್ಲಿ ಮಲಗಿರುವವರನ್ನು ಹುಡುಕಲು ಯಾರೋ ಟಾರ್ಚ್ ಹಿಡಿದು ಬೆಟ್ಟ ಹತ್ತಬೇಕಾಗುತ್ತದೆ.