ಮಣ್ಣಿನ ಮೈದಾನದಲ್ಲಿ 400 ಮೀಟರ್ ಟ್ರ್ಯಾಕ್ ಹಾಕುವುದು: ನನ್ನ ಅನುಭವ

ನಾನು ಕೊಪ್ಪಳ ಜಿಲ್ಲೆಯಲ್ಲಿ ಪಿಟಿ ಮೇಷ್ಟ್ರು. ದಸರಾ ಕ್ರೀಡಾಕೂಟ ಬಂತೆಂದರೆ ಕಬಡ್ಡಿ, ಖೋಖೋ, ವಾಲಿಬಾಲ್ ಕೆಲಸವನ್ನು ಬೇರೆ ಮೇಷ್ಟ್ರುಗಳು ಹಂಚಿಕೊಳ್ಳುತ್ತಾರೆ. ಅಥ್ಲೆಟಿಕ್ಸ್ ಮೈದಾನ ಸಿದ್ಧ ಮಾಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ ಹೋಗುತ್ತಾರೆ. ಅಲ್ಲಿಂದ ಕಲಬುರಗಿ ವಿಭಾಗಕ್ಕೆ, ಕೊನೆಗೆ ಮೈಸೂರಿಗೆ. ಆ ದಾರಿ ಶುರುವಾಗುವುದು ನಮ್ಮಂಥ ಮಣ್ಣಿನ ಮೈದಾನದಲ್ಲೇ. ಇಲ್ಲಿ ಗೆರೆ ಅರ್ಧ ಮೀಟರ್ ಆಚೀಚೆ ಆದರೆ ಯಾರದೋ ಮೈಸೂರು ತಪ್ಪುತ್ತದೆ. ಹಾಗಾಗಿ ಅಳತೆಯ ವಿಷಯದಲ್ಲಿ ನಾನು ಬಹಳ ಹಟಮಾರಿ.

ಪೂರ್ತಿ 400 ಮೀಟರಿನ, ಎಂಟು ಲೇನಿನ ಟ್ರ್ಯಾಕಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ ಬೇಕು. ಅಷ್ಟು ಜಾಗ ಸಿಗದ ಕಡೆ 200 ಮೀಟರಿನದ್ದು ಹಾಕುತ್ತೇನೆ. ಅದಕ್ಕೆ ನೇರ ಓಟ 40 ಮೀಟರ್, ತಿರುವಿನ ತ್ರಿಜ್ಯ 18.90 ಮೀಟರ್ ಇಟ್ಟರೆ ಲೆಕ್ಕ ಸರಿಹೋಗುತ್ತದೆ.

ದೊಡ್ಡ ಟ್ರ್ಯಾಕಿನಲ್ಲಿ ನೇರ ಓಟ 84.39 ಮೀಟರ್. ತ್ರಿಜ್ಯ ಎಷ್ಟು? ಪುಸ್ತಕ ತೆಗೆದರೆ 36.50 ಅಂತ ಇರುತ್ತದೆ. ಆದರೆ ಆ ಅಳತೆ ಒಳಅಂಚಿನಲ್ಲಿ ಎತ್ತರದ ಪಟ್ಟಿ, ಅಂದರೆ ಕರ್ಬ್ ಇರುವ ಟ್ರ್ಯಾಕಿಗೆ. ಕರ್ಬ್ ಇದ್ದರೆ ಕಾಲು ತಾಗೀತು ಅಂತ ಓಟಗಾರ ಸ್ವಲ್ಪ ದೂರ ಓಡುತ್ತಾನೆ. ಅದಕ್ಕೇ ನಿಯಮದಲ್ಲಿ ಓಟದ ದೂರವನ್ನು ಕರ್ಬಿನಿಂದ 30 ಸೆಂ.ಮೀ. ಹೊರಗೆ ಅಳೆಯುತ್ತಾರೆ. ಬರೀ ಗೆರೆ ಇದ್ದರೆ 20 ಸೆಂ.ಮೀ. ಹೊರಗೆ. ನಮ್ಮಲ್ಲಿ ಕರ್ಬ್ ಎಲ್ಲಿಂದ ಬರಬೇಕು? ಇರುವುದು ಬಿಳಿ ಪುಡಿಯ ಗೆರೆ. ಆದ್ದರಿಂದ ನನ್ನ ತ್ರಿಜ್ಯ 36.60. ಹತ್ತು ಸೆಂಟಿಮೀಟರ್ ತಾನೇ ಅನ್ನಬೇಡಿ. ಒಂದು ಸುತ್ತಿಗೆ ಅದು 63 ಸೆಂ.ಮೀ. ಆಗುತ್ತದೆ.

ಇದೇ ಕಾರಣಕ್ಕೆ ಸ್ಟ್ಯಾಗರ್, ಅಂದರೆ ಹೊರಲೇನಿನವರನ್ನು ಎಷ್ಟು ಮುಂದೆ ನಿಲ್ಲಿಸಬೇಕು ಅನ್ನುವ ಅಳತೆ ಕೂಡ ಬದಲಾಗುತ್ತದೆ. ಒಂದೊಂದು ಲೇನ್ 1.22 ಮೀಟರ್ ಅಗಲ. ಕರ್ಬ್ ಇರುವ ಟ್ರ್ಯಾಕಿನಲ್ಲಿ 400 ಮೀಟರ್ ಓಟಕ್ಕೆ ಎರಡನೇ ಲೇನಿನವರನ್ನು 7.04 ಮೀಟರ್ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಂದಾಚೆ ಲೇನಿಗೆ 7.67ರಂತೆ ಕೂಡಿಸುತ್ತಾ ಹೋಗುತ್ತಾರೆ. ಗೆರೆಯ ಟ್ರ್ಯಾಕಿನಲ್ಲಿ ಎರಡನೇ ಲೇನಿಗೂ 7.67 ಕೊಡಬೇಕು. ಪುಸ್ತಕದ 7.04 ಅನ್ನು ಸುಮ್ನೆ ಇಲ್ಲಿಗೆ ತಂದು ಹಾಕಿದರೆ ಎರಡನೇ ಲೇನಿನಿಂದ ಎಂಟನೇ ಲೇನಿನವರೆಗೆ ಎಲ್ಲರೂ ಮೊದಲ ಲೇನಿನವಳಿಗಿಂತ 63 ಸೆಂ.ಮೀ. ಜಾಸ್ತಿ ಓಡುತ್ತಾರೆ. ಯಾರ ಕಣ್ಣಿಗೂ ಬೀಳದ ಅನ್ಯಾಯ ಅದು.

ಅಳೆಯಲು ಉಕ್ಕಿನ ಟೇಪೇ ಬೇಕು. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ನಾನು ಮೊದಲು ನಾಲ್ಕು ಗೂಟ ಹೊಡೆದು 84.39 ಉದ್ದ, 73.20 (ತ್ರಿಜ್ಯದ ಎರಡರಷ್ಟು) ಅಗಲದ ಉದ್ದ ಚೌಕ ಕಟ್ಟುತ್ತೇನೆ. ಮೂಲೆಯಿಂದ ಮೂಲೆಗೆ ಎರಡೂ ಕಡೆ 111.71 ಬಂದರೆ ಚೌಕ ನೇರವಾಗಿದೆ ಅಂತ ಅರ್ಥ. ಅದು ಬರುವ ತನಕ ಯಾರಿಗೂ ಪುಡಿ ಮುಟ್ಟಲು ಬಿಡುವುದಿಲ್ಲ. ಆಮೇಲೆ ಚೌಕದ ಪ್ರತಿ ಗಿಡ್ಡ ಬದಿಯ ನಟ್ಟನಡುವೆ ಒಂದೊಂದು ಕಬ್ಬಿಣದ ಸರಳು ಹೊಡೆದು, ಅದಕ್ಕೆ ಟೇಪ್ ಸಿಕ್ಕಿಸಿ ಅರ್ಧವೃತ್ತ ತಿರುಗಿಸುತ್ತೇವೆ.

ಒಮ್ಮೆ ಹುಡುಗಿಯರ 400 ಮೀಟರ್ ಓಟಕ್ಕೆ ಮುಂಚೆ ಕುಷ್ಟಗಿ ಕಡೆಯ ರೈತರೊಬ್ಬರು ಹಗ್ಗ ದಾಟಿ ನೇರ ನನ್ನ ಹತ್ತಿರ ಬಂದರು. ಹೆಗಲ ಮೇಲೆ ಟವಲ್, ಮುಖದಲ್ಲಿ ಸಿಟ್ಟು.

‘ಸರ, ಎಲ್ಲಾ ಹುಡುಗೇರು ಮುಂದ ನಿಂತಾರ. ನಮ್ಮಾಕಿ ಒಬ್ಬಾಕಿನ್ನ ಯಾಕ ಹಿಂದ ನಿಲ್ಸೀರಿ?’

‘ಬರ್ರಿ ಯಜಮಾನ್ರ, ನೀವ ಅಳೀರಿ’ ಅಂದೆ. ಜನರನ್ನು ತಡೆಯಲು ಕಟ್ಟಿದ್ದ ಉದ್ದನೆ ಹಗ್ಗ ಬಿಚ್ಚಿಸಿದೆ. ಮೊದಲ ಲೇನಿನ ಒಳಗೆರೆಗೆ ಸರಿಯಾಗಿ, ತಿರುವು ಶುರುವಾಗುವಲ್ಲಿಂದ ಮುಗಿಯುವವರೆಗೆ ಹಾಸಿ ಗುರುತು ಹಾಕಿದೆವು. ಅದೇ ಹಗ್ಗವನ್ನು ಎರಡನೇ ಲೇನಿಗೆ ಸರಿಸಿದಾಗ ತುದಿ ಮುಟ್ಟಲಿಲ್ಲ. ಹೆಚ್ಚು ಕಮ್ಮಿ ನಾಲ್ಕು ಮೀಟರ್ ಸಾಲದೆ ಬಂತು. ಅವರು ಕೂತು ಆ ಜಾಗವನ್ನು ಗೇಣು ಹಾಕಿ ನೋಡಿದರು.

‘ಅಂದ್ರ ಹೊರಗ ಓಡೋರಿಗೆ ದಾರಿ ಜಾಸ್ತಿ ಅನ್ರಿ.’

‘ಹೌದ್ರಿ. ತಿರುವು ಎರಡು ಅದಾವು. ಆ ಜಾಸ್ತಿ ದಾರೀನ ಮೊದ್ಲ ಮುಂದ ನಿಲ್ಸಿ ಕಳದಬಿಡ್ತೀವಿ.’

ಆಮೇಲೆ ಅವರು ಹಗ್ಗದಾಚೆ ನಿಂತು ಉಳಿದವರಿಗೆಲ್ಲ ಅದನ್ನೇ ಬಿಡಿಸಿ ಹೇಳುತ್ತಿದ್ದರು. ಓಟ ಐದು ನಿಮಿಷ ತಡವಾಯಿತು, ಆಗಲಿ. ಜನರಿಗೆ ಅಳತೆ ಅರ್ಥವಾದರೆ ಫಲಿತಾಂಶದ ಮೇಲೆ ನಂಬಿಕೆ ಬರುತ್ತದೆ ಅಲ್ವಾ?

ಗೆರೆ ಎಳೆಯುವ ಪುಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಬರಿಗಾಲಲ್ಲಿ ಓಡುವವರು ಇನ್ನೂ ಇದ್ದಾರೆ. ಅಗ್ಗಕ್ಕೆ ಸಿಗುತ್ತದೆ ಅಂತ ನೀರು ಕಾಣದ ಸುಟ್ಟ ಸುಣ್ಣ ತಂದು ಹಾಕಬೇಡಿ. ಬೆವರು, ತೇವ ತಾಗಿದರೆ ಅದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರಂತೂ ದೊಡ್ಡ ಅಪಾಯ. ಚಾಕ್ ಪುಡಿಯೋ ರಂಗೋಲಿ ಪುಡಿಯೋ ಸಾಕು. ಗಾಳಿ ಜಾಸ್ತಿ ಇರುವ ದಿನ ಹಿಂದಿನ ಸಂಜೆ ನೆಲಕ್ಕೆ ನೀರು ಚಿಮುಕಿಸಿ, ಬೆಳಗಿನ ಜಾವ ಗೆರೆ ಎಳೆಯುತ್ತೇವೆ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಇದು ಚೆನ್ನಾಗಿ ನಿಲ್ಲುತ್ತದೆ. ಎರೆ (ಕಪ್ಪು ಮಣ್ಣಿನ) ನೆಲಕ್ಕೆ ನೀರು ಹಾಕುವಾಗ ಕೈ ಬಿಗಿ ಇರಲಿ, ಇಲ್ಲದಿದ್ದರೆ ಮಣ್ಣು ಪಾದಕ್ಕೆ ಮೆತ್ತಿಕೊಂಡು ಓಡಲು ಬಿಡುವುದಿಲ್ಲ.

ಹಲವು ಆಟಗಳ ಕೂಟದಲ್ಲಿ ಜಾಗದ ಜಗಳ ಇದ್ದದ್ದೇ. ಟ್ರ್ಯಾಕಿನ ಒಳಗೆ ಖಾಲಿ ಇದೆಯಲ್ಲ, ಖೋಖೋ ಅಂಕಣ ಅಲ್ಲೇ ಹಾಕೋಣ ಅನ್ನುತ್ತಾರೆ. ಎಸೆತದ ಸ್ಪರ್ಧೆ ಇರುವ ದಿನ ನಾನು ಒಪ್ಪುವುದೇ ಇಲ್ಲ. ಗಂಡಸರ ಭರ್ಜಿ 800 ಗ್ರಾಂ, ಚಕ್ರ 2 ಕೆಜಿ. ತಪ್ಪಿ ಬಂದರೆ ಕೂಗುವುದಕ್ಕೂ ಸಮಯ ಸಿಗುವುದಿಲ್ಲ. ಎಸೆತದ ಗೆರೆ ಹಾಕುವುದು ಮಾತ್ರ ಸುಲಭ. ಗುಂಡು ಮತ್ತು ಚಕ್ರಕ್ಕೆ ಕೋನ 34.92 ಡಿಗ್ರಿ. ಕೋನಮಾಪಕ ಬೇಕಿಲ್ಲ. ವೃತ್ತದ ನಡುವಿನಿಂದ ಎರಡು ಗೆರೆಗಳ ಮೇಲೂ 20 ಮೀಟರ್ ಹೋದಾಗ ನಡುವಿನ ಅಂತರ 12 ಮೀಟರ್ ಇರಬೇಕು, ಅಷ್ಟೇ. ಭರ್ಜಿಗೆ ಅಂತರ ದೂರದ ಅರ್ಧ. 40ಕ್ಕೆ ಹೋದರೆ 20.

ಸಮಯ ನೋಡುವವರಿಗೆ ನಾನು ಒಂದೇ ಮಾತು ಒತ್ತಿ ಹೇಳುತ್ತೇನೆ: ಸದ್ದು ಕೇಳಿ ಗುಂಡಿ ಒತ್ತಬೇಡಿ, ಕಣ್ಣಲ್ಲಿ ನೋಡಿ ಒತ್ತಿ. ನೂರು ಮೀಟರ್ ದಾಟಿ ಬರಲು ಸದ್ದಿಗೆ ಸುಮಾರು 0.3 ಸೆಕೆಂಡ್ ಬೇಕು. ಪಿಸ್ತೂಲಾದರೆ ಹೊಗೆ ನೋಡಬೇಕು. ನಮ್ಮಲ್ಲಿ ಇರುವುದು ಮರದ ಕ್ಲ್ಯಾಪರ್, ಅದರ ಎರಡು ಹಲಗೆ ಕೂಡುವುದನ್ನು ನೋಡಬೇಕು. ನಾನು ಹಲಗೆಗೆ ಬಿಳಿ ಬಣ್ಣ ಬಳಿಸಿ, ಸ್ಟಾರ್ಟರ್ ಹಿಂದೆ ಕಪ್ಪು ಬಟ್ಟೆ ಕಟ್ಟಿಸುತ್ತೇನೆ, ದೂರದಿಂದ ಸ್ಪಷ್ಟವಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನ ಸಮಯವನ್ನು ಯಾವಾಗಲೂ ಮೇಲಕ್ಕೇ ಏರಿಸಬೇಕು, 12.31 ಬಂದರೆ 12.4. ಒಬ್ಬ ಓಟಗಾರನಿಗೆ ಮೂವರು ಸಮಯ ಹಿಡಿದು ಮೂರೂ ಬೇರೆ ಬೇರೆ ಬಂದರೆ ನಡುವಿನದ್ದನ್ನು ತೆಗೆದುಕೊಳ್ಳಬೇಕು. ಇಬ್ಬರೇ ಇದ್ದರೆ ಜಾಸ್ತಿ ಬಂದದ್ದನ್ನು.

ಉದ್ದ ಜಿಗಿತದ ಮರಳನ್ನು ಜರಡಿ ಹಿಡಿಸದೆ ಗುಂಡಿಗೆ ಹಾಕಿಸುವುದಿಲ್ಲ. ಟೇಪಿನ ಸೊನ್ನೆ ಮರಳಿನ ಗುರುತಿನ ಕಡೆ, ಓದುವುದು ಜಿಗಿಯುವ ಹಲಗೆಯ ಕಡೆ. ಗುಂಡಿ ಹತ್ತಿರ ಕೂತ ಹುಡುಗರಿಗೆ ಒಂದು ಸಂಗತಿ ಹೇಳುವುದು ನನಗೆ ಖುಷಿ: ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದ್ದು 2023ರ ಮಾರ್ಚ್‌ನಲ್ಲಿ, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ. ಹೇಳಿ ಸುಮ್ಮನಾಗುವುದಿಲ್ಲ, ಟೇಪ್ ಎಳೆದು 8.42 ಎಲ್ಲಿ ಬರುತ್ತದೆ ಅಂತ ಮರಳಲ್ಲಿ ಕೋಲು ನೆಟ್ಟು ತೋರಿಸುತ್ತೇನೆ. ಬಾಯಿ ತೆರೆದು ನೋಡುತ್ತಾರೆ, ಆಮೇಲೆ ಓಡಿ ಬಂದು ಹಾರುವ ರಭಸವೇ ಬೇರೆ.

ಈಗ ನಮ್ಮ ಮೈದಾನದಲ್ಲಿ ಎರಡೂ ತಿರುವಿನ ಕೇಂದ್ರಕ್ಕೆ ಕಬ್ಬಿಣದ ಕೊಳವೆ ಹೂತು, ನೆಲದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕಾಂಕ್ರೀಟ್ ಹಾಕಿಸಿದ್ದೇವೆ. ಎಲ್ಲಿವೆ ಅನ್ನುವುದನ್ನು ಕಾಂಪೌಂಡ್ ಗೋಡೆಯಿಂದ ಅಳೆದು, ಗೋಡೆಗೆ ಬಣ್ಣದಲ್ಲಿ ಬರೆಸಿದ್ದೇವೆ. ನನಗೆ ವರ್ಗವಾದರೂ ಮುಂದೆ ಬರುವ ಮೇಷ್ಟ್ರು ಮಣ್ಣು ಸರಿಸಿ, ಕೊಳವೆಗೆ ಸರಳು ಇಳಿಸಿ, 36.60ಕ್ಕೆ ಟೇಪ್ ಹಿಡಿದರೆ ಕೆಲಸ ಶುರು ಮಾಡಬಹುದು.