ಬನ್ಸಿ ರವೆ ಗಾತ್ರದ ಮರಳು

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬೋರ್‌ವೆಲ್ ನೀರು ಸೋಸಲು ಆಳೆತ್ತರದ ಎರಡು ಸಿಲಿಂಡರುಗಳಿವೆ. ಆಗಾಗ ಅದರೊಳಗಿನ ಮರಳು ಬದಲಾಯಿಸುತ್ತಾರೆ. ಒಂದು ಭಾನುವಾರ ಬೈಕ್ ತೆಗೆಯಲು ಕೆಳಗೆ ಹೋದಾಗ ಕೆಲಸದವರು ಹೊಸ ಚೀಲ ಬಿಚ್ಚಿ ಸುರಿಯುತ್ತಿದ್ದರು. ತಿಳಿ ಹಳದಿ ಬಣ್ಣ. ಎಲ್ಲ ಕಾಳೂ ಹೆಚ್ಚುಕಮ್ಮಿ ಒಂದೇ ಗಾತ್ರ. ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿದೆ. ಚುಚ್ಚಲಿಲ್ಲ, ಧೂಳೂ ಜಾಸ್ತಿ ಅಂಟಲಿಲ್ಲ. ಉಳಿದ ಅರ್ಧ ಚೀಲ ಕೊಡ್ತೀರಾ ಎಂದು ಕೇಳಿದೆ.

"ಮನೆ ಕಟ್ಟಿಸ್ತಾ ಇದೀರಾ ಸಾರ್?" ಎಂದ ಒಬ್ಬ.

"ಇಲ್ಲಪ್ಪ, ಮೀನಿಗೆ."

ನಗುತ್ತಲೇ ಚೀಲದ ಬಾಯಿ ಕಟ್ಟಿಕೊಟ್ಟ. ಲಿಫ್ಟಿನಲ್ಲಿ ಅದನ್ನು ನಾಲ್ಕನೇ ಮಹಡಿಗೆ ತಂದೆ. ಅದಕ್ಕೂ ಮುಂಚೆ ನಾನು ಮರಳಿನ ವಿಷಯದಲ್ಲಿ ಎರಡು ಸಲ ಎಡವಿದ್ದೆ.

ನನ್ನ ಮೀನಿನ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ತುಂಬಿದರೆ 54 ಲೀಟರ್. ಗಿಡಗಳಿರುವ ತೊಟ್ಟಿ ಮಾಡಬೇಕು ಅಂತ ಶಿವಾಜಿನಗರದ ಮೀನಿನ ಅಂಗಡಿಗಳನ್ನು ಸುತ್ತಿದಾಗ ಎಲ್ಲರೂ ತೋರಿಸಿದ್ದು ಆಕ್ವಾ ಸಾಯಿಲ್. ಸುಟ್ಟು ಗುಳಿಗೆ ಮಾಡಿದ ಕಪ್ಪು ಮಣ್ಣು. ನನ್ನ ತೊಟ್ಟಿಗೆ ಸರಿಯಾಗಿ 9 ಲೀಟರಿನ ಒಂದು ಚೀಲ ಬೇಕಿತ್ತು. ಹೊರದೇಶದಿಂದ ಬಂದದ್ದಕ್ಕೆ ನಾಲ್ಕು ಸಾವಿರದ ಮೇಲೆ ಹೇಳಿದರು. ತೊಟ್ಟಿಗೇ ಅಷ್ಟು ಕೊಟ್ಟಿರಲಿಲ್ಲ!

ದುಡ್ಡು ಒಂದೇ ಕಾರಣ ಅಲ್ಲ. ಆ ಮಣ್ಣು ನೀರಿನ ಗಡಸನ್ನು ಹೀರಿ ಪಿಎಚ್ ಇಳಿಸುತ್ತದೆ, ಅಂದರೆ ನೀರನ್ನು ಸ್ವಲ್ಪ ಹುಳಿಯ ಕಡೆಗೆ ತಿರುಗಿಸುತ್ತದೆ. ಮೆದು ನೀರು ಇರುವವರಿಗೆ ಈ ಗುಣ ತುಂಬ ದಿನ ಬಾಳುತ್ತದೆ. ನಮ್ಮ ಮನೆಗೆ ಬರುವುದು ಕಾವೇರಿ ಜೊತೆ ಬೋರ್‌ವೆಲ್ ಬೆರೆತ ನೀರು. ಬೇಸಿಗೆಯಲ್ಲಿ ಬರೀ ಬೋರ್‌ವೆಲ್. ಗೀಸರಿನ ಕಾಯಿಲ್ ತೆಗೆದು ನೋಡಿದರೆ ಸುಣ್ಣದ ಗಟ್ಟಿ ಪದರ. ಇಂಥ ನೀರಿಗೆ ಆ ಗುಣ ಬೇಗ ತೀರಿಹೋಗುತ್ತದೆ. ಆಮೇಲೆ ಉಳಿಯುವುದು ದುಬಾರಿ ಮಣ್ಣು, ಅಷ್ಟೇ.

ಮೊದಲ ಎಡವಟ್ಟು ಎಂ-ಸ್ಯಾಂಡ್. ಪಕ್ಕದ ರಸ್ತೆಯಲ್ಲಿ ಮನೆ ಕಟ್ಟುತ್ತಿದ್ದರು. ಕೇಳಿದ್ದಕ್ಕೆ ಎರಡು ಬಕೆಟ್ ಕೊಟ್ಟರು. ಗ್ರಾನೈಟ್ ಕಲ್ಲನ್ನೇ ಪುಡಿ ಮಾಡಿದ್ದು, ನೀರಿಗೆ ಏನೂ ಬಿಡಲ್ಲ ಅಂತ ಧೈರ್ಯ. ಅದು ನಿಜವೂ ಹೌದು. ಆದರೆ ಆ ಮರಳಿನಲ್ಲಿ ಹಿಟ್ಟಿನಂಥ ಪುಡಿ ಇರುತ್ತದೆ. ಗಾರೆ ಕೆಲಸಕ್ಕೆ ಅದರಿಂದ ಹೆಚ್ಚು ತೊಂದರೆ ಇಲ್ಲ, ಸಂದು ತುಂಬುತ್ತದೆ. ನನ್ನ ತೊಟ್ಟಿ ಮಾತ್ರ ಒಂಬತ್ತು ದಿನ ರಾಗಿ ಗಂಜಿಯ ಹಾಗಿತ್ತು. ತಿಳಿಯಾದ ಮೇಲೆ ಗಿಡ ನೆಡಲು ಹೋದರೆ ಬೆರಳು ಒಳಗೆ ಇಳಿಯುತ್ತಿಲ್ಲ. ಚೂಪು ಕಾಳುಗಳು ಒಂದಕ್ಕೊಂದು ಕಚ್ಚಿಕೊಂಡು, ಸಂದಿನಲ್ಲಿ ಪುಡಿ ಕೂತು, ಕಾಂಕ್ರೀಟಿನ ತಮ್ಮನಂತಾಗಿತ್ತು. ಎಲ್ಲ ತೆಗೆದು ಹೊರಗೆ ಹಾಕಿದೆ.

ಎರಡನೆಯದು ಕಡಲತೀರದ ಮರಳು. ಉತ್ತರ ಕನ್ನಡದಿಂದ ಬಂದ ನೆಂಟರು ನನ್ನ ಗೋಳು ಕೇಳಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು. ನೋಡಲು ಬಂಗಾರ. ಸದ್ಯ, ಹಾಕುವ ಮೊದಲು ಒಂದು ಚಮಚ ಮರಳಿಗೆ ಅಡುಗೆಮನೆಯ ವಿನಿಗರ್ ಬಿಟ್ಟು ನೋಡಿದೆ. ಚಿಕ್ಕ ಚಿಕ್ಕ ಗುಳ್ಳೆಗಳು ಎದ್ದವು. ಚಿಪ್ಪಿನ ಚೂರು ಇದೆ, ಅದು ಸುಣ್ಣ. ನಿಧಾನಕ್ಕೆ ಕರಗಿ ನೀರಿನ ಗಡಸು ಏರಿಸುತ್ತದೆ. ನಮ್ಮ ನೀರಿಗೆ ಮೊದಲೇ ಬೇಕಾದಷ್ಟಿದೆ. ಆ ಮರಳು ಈಗ ಬಾಲ್ಕನಿಯ ಅಲೋವೆರಾ ಕುಂಡದಲ್ಲಿದೆ. ಹೊಳೆ ಮರಳು ಯಾಕೆ ಬೇಡ ಅಂದರೆ, ಪರವಾನಗಿ ಇಲ್ಲದೆ ತೆಗೆಯುವ ಹಾಗಿಲ್ಲ. ಮರಳು ತೋಡಿ ತೋಡಿ ನಮ್ಮ ಹೊಳೆಗಳ ಗತಿ ಏನಾಗಿದೆ ಎಂದು ನೋಡಿದ ಮೇಲೆ ಶೋಕಿಗೆ ಅದನ್ನು ತರಲು ಮನಸ್ಸೂ ಬರಲಿಲ್ಲ.

ನೆಲಮಾಳಿಗೆಯಿಂದ ತಂದ ಫಿಲ್ಟರ್ ಮರಳು ಸಿಲಿಕಾ, ಅಂದರೆ ಬೆಣಚುಕಲ್ಲಿನ ಮರಳು. ಈಜುಕೊಳದ ಫಿಲ್ಟರಿಗೂ ಇದನ್ನೇ ಹಾಕುತ್ತಾರೆ. ಗಾತ್ರ ನೋಡಿ ಜರಡಿ ಹಿಡಿದಿರುತ್ತಾರೆ, ಅದೇ ಇದರ ದೊಡ್ಡ ಗುಣ. 0.5ರಿಂದ 1 ಮಿಲಿಮೀಟರ್ ನನಗೆ ಚೆನ್ನಾಗಿ ಹೊಂದಿತು. ಅಂಗಡಿಯಲ್ಲಿ ಅಳೆಯೋದು ಹೇಗೆ ಅಂತೀರಾ? ರವೆ ನೆನಪಿಸಿಕೊಳ್ಳಿ. ಚಿರೋಟಿ ರವೆಯಷ್ಟು ಸಣ್ಣಗಿದ್ದರೆ ಬೇಡ, ಒತ್ತಾಗಿ ಕೂತು ಬೇರಿಗೆ ಗಾಳಿ ಆಡಲ್ಲ. ಬನ್ಸಿ ರವೆ ಗಾತ್ರ ಇದ್ದರೆ ಕಣ್ಣುಮುಚ್ಚಿ ತನ್ನಿ. ಸಾಬಕ್ಕಿ ಗಾತ್ರಕ್ಕೆ ಹೋದರೆ ಮೀನಿನ ಹಿಕ್ಕೆ, ಉಳಿದ ಆಹಾರ ಎಲ್ಲ ಸಂದಿಗೆ ಇಳಿದು ಅಲ್ಲೇ ಕೊಳೆಯುತ್ತದೆ. ಆಮೇಲೆ ಇನ್ನೊಂದು ತೊಟ್ಟಿಗೆಂದು ನಾನೇ ಕೊಂಡಾಗ 50 ಕೆ.ಜಿ. ಚೀಲಕ್ಕೆ ಆರುನೂರು ರೂಪಾಯಿ ಆಯಿತು. ನನ್ನ ತೊಟ್ಟಿಗೆ ಬೇಕಾದದ್ದು ಸುಮಾರು 14 ಕೆ.ಜಿ. ಲೆಕ್ಕ ಸುಲಭ: ಉದ್ದ, ಅಗಲ, ಮರಳಿನ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್. ಅದನ್ನು ಒಂದೂವರೆಯಿಂದ ಗುಣಿಸಿದರೆ ಹತ್ತಿರ ಹತ್ತಿರ ಕೆ.ಜಿ.

ಇನ್ನು ತೊಳೆಯೋದು. ಇಲ್ಲಿ ಸೋಮಾರಿತನ ಮಾಡಿದರೆ ಮುಂದಿನ ವಾರ ಪೂರ್ತಿ ಅನುಭವಿಸಬೇಕು. ಮೊದಲು ನಾನು ಬಕೆಟಿಗೆ ಮರಳು ತುಂಬಿ, ಮೇಲಿಂದ ನೀರು ಬಿಟ್ಟು, ಕೈಯಾಡಿಸಿ ಚೆಲ್ಲುತ್ತಿದ್ದೆ. ಹತ್ತು ಸಲ ಆದರೂ ನೀರು ಹಾಲಿನಂತೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಅದೇನು ಕಲಸ್ತಾ ಇದೀಯ, ರಾಗಿ ಗಾಳಿಸಿದ ಹಾಗೆ ಗಾಳಿಸು" ಎಂದರು. ಬಕೆಟ್ ಕಾಲು ಭಾಗ ಮಾತ್ರ ತುಂಬಿಸಿ ತೋರಿಸಿಯೂ ಕೊಟ್ಟರು. ನೀರನ್ನು ಸುತ್ತಿಸಬೇಕು. ಭಾರದ ಕಾಳು ಕೆಳಗೆ ಕೂರುವ, ಹಗುರ ಪುಡಿ ಇನ್ನೂ ತೇಲುತ್ತಿರುವ ಆ ಎರಡು ಮೂರು ಸೆಕೆಂಡಿನಲ್ಲೇ ಬಗ್ಗಿಸಿ ಚೆಲ್ಲಬೇಕು. ತಡ ಮಾಡಿದರೆ ಪುಡಿಯೂ ಕೂತುಬಿಡುತ್ತದೆ. ಏಳು ಸಲಕ್ಕೆ ನೀರು ತಿಳಿಯಾಯಿತು. ಆ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ. ನಾನು ಚೆಲ್ಲಿ, ಮೋರಿ ಕಟ್ಟಿ, ಪ್ಲಂಬರಿಗೆ ಐನೂರು ಕೊಟ್ಟೆ. ಮರಳಿನ ಉಳಿತಾಯದಲ್ಲಿ ಅದನ್ನು ಕಳೆದುಕೊಳ್ಳಿ.

ತೊಟ್ಟಿಯಲ್ಲಿ ಮರಳಿನ ಎತ್ತರ ಮುಂದೆ ನಾಲ್ಕು ಸೆಂಟಿಮೀಟರ್, ಹಿಂದೆ ಆರು. ನೀರು ಬಿಡುವಾಗ ಮರಳಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ಸುರಿದೆ. ಒಂದು ಗಂಟೆಯಲ್ಲಿ ಆಚೆ ಗೋಡೆ ಕಾಣುತ್ತಿತ್ತು.

ಈಗ ಅಸಲಿ ವಿಷಯ. ಮರಳು ಗಿಡಕ್ಕೆ ನಿಲ್ಲಲು ಜಾಗ ಕೊಡುತ್ತದೆ, ಊಟ ಕೊಡಲ್ಲ. ಗೊಬ್ಬರ ಹಾಕಿದರೂ ಹಿಡಿದಿಟ್ಟುಕೊಳ್ಳಲ್ಲ. ಮರಳು ಭೂಮಿಗೆ ಹಾಕಿದ ಗೊಬ್ಬರ ನಿಲ್ಲಲ್ಲ, ಎರೆ ಭೂಮಿಯಲ್ಲಿ ನಿಲ್ಲುತ್ತದೆ ಎಂದು ಯಾವ ರೈತರನ್ನು ಕೇಳಿದರೂ ಹೇಳುತ್ತಾರಲ್ವಾ? ತೊಟ್ಟಿಯಲ್ಲೂ ಅದೇ. ಹಾಗಾಗಿ ಬೇರಿನ ಹತ್ತಿರ ಮಾತ್ರ ಜೇಡಿಮಣ್ಣು ಇಡುವ ದಾರಿ ಹಿಡಿದೆ. ಗೌರಿ ಹಬ್ಬಕ್ಕೆ ಗಣಪತಿ ಮಾಡುವವರ ಬಳಿ ಒಂದು ಮುದ್ದೆ ಜೇಡಿಮಣ್ಣು ಕೇಳಿ ತಂದೆ. ಅದಕ್ಕೆ ಒಂದು ಹಿಡಿ ಮುರಕಲ್ಲಿನ ಪುಡಿ. ಘಟ್ಟದ ಮೇಲಿನವರು ಜಂಬಿಟ್ಟಿಗೆ ಅನ್ನುತ್ತಾರಲ್ಲ, ಅದೇ ಕೆಂಪು ಕಲ್ಲು. ಮಲಬಾರಿನಲ್ಲಿ ಕಂಡ ಈ ಕಲ್ಲಿಗೆ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರು ಕೊಟ್ಟ. ಅದರ ಕೆಂಪು ಬಣ್ಣವೇ ಕಬ್ಬಿಣದ್ದು. ವಿದೇಶದಲ್ಲಿ ಗಿಡದ ತೊಟ್ಟಿಗೆ ಎಂದೇ ಲ್ಯಾಟರೈಟ್ ಪುಡಿಯನ್ನು ಪೊಟ್ಟಣ ಕಟ್ಟಿ ಮಾರಿದವರಿದ್ದಾರೆ. ನಮ್ಮ ಕರಾವಳಿಯಲ್ಲಿ ಕಾಂಪೌಂಡ್ ಗೋಡೆ ಕೆರೆದರೆ ಸಾಕು.

ಎರಡನ್ನೂ ಕಲಸಿ ಗೋಲಿ ಗಾತ್ರದ ಉಂಡೆ ಮಾಡಿ, ನಡುವೆ ನಿಧಾನಕ್ಕೆ ಕರಗುವ ಗೊಬ್ಬರದ ನಾಲ್ಕೈದು ಕಾಳು ಇಟ್ಟು ಮುಚ್ಚಿದೆ. ನರ್ಸರಿಯಲ್ಲಿ ಕುಂಡದ ಗಿಡಕ್ಕೆ ಕೊಡುವ ಹಳದಿ ಕಾಳು. ನೆರಳಲ್ಲಿ ಮೂರು ದಿನ ಒಣಗಿಸಿದೆ. ಅರ್ಧ ಗೇಣಿಗೊಂದರಂತೆ ಬೆರಳಿಂದ ಒತ್ತಿ ತಳ ಮುಟ್ಟಿಸಿದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ.

ಬೇರಿಗಿಂತ ಎಲೆಯಿಂದಲೇ ಜಾಸ್ತಿ ಉಣ್ಣುವ ಗಿಡಗಳಿಗೆ ನೀರಿಗೆ ಹಾಕುವ ಗೊಬ್ಬರ ಬೇಕು. ಮೀನಿನ ಅಂಗಡಿಯ ಪುಟ್ಟ ಬಾಟಲಿ ಬಿಟ್ಟು ರಸಗೊಬ್ಬರದ ಅಂಗಡಿಗೆ ಹೋಗಿ. ಡ್ರಿಪ್ಪಿಗೆ ಬಿಡುವ 13-0-45 ಕೇಳಿ. ಅದು ಪೊಟ್ಯಾಸಿಯಂ ನೈಟ್ರೇಟ್. 20 ಗ್ರಾಂ ಅನ್ನು ಅರ್ಧ ಲೀಟರ್ ನೀರಿಗೆ ಕರಗಿಸಿಟ್ಟಿದ್ದೇನೆ. ವಾರಕ್ಕೆ 10 ಮಿಲಿಲೀಟರ್ ಹಾಕಿದರೆ ನನ್ನ ತೊಟ್ಟಿಯ ನೈಟ್ರೇಟ್ ಸುಮಾರು 5 ಪಿಪಿಎಂ, ಅಂದರೆ ಲೀಟರಿಗೆ 5 ಮಿಲಿಗ್ರಾಂ, ಏರುತ್ತದೆ. ಗಿಡ ಬೇಗ ಬೆಳೆಯಲೆಂದು ಕೆಲವರು ಇಡುವ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಇಲ್ಲದ ತೊಟ್ಟಿಗೆ ಇಷ್ಟು ಧಾರಾಳ. ಒಂದು ಕೆ.ಜಿ. ಪೊಟ್ಟಣ ಮುಗಿಯುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ! ಸೂಕ್ಷ್ಮ ಪೋಷಕಾಂಶದ ಪುಡಿ ಹಾಕುವವರು ಅದರಲ್ಲಿ ತಾಮ್ರ ಎಷ್ಟಿದೆ ನೋಡಿಕೊಳ್ಳಿ. ಸಿಗಡಿ ಸಾಕಿದ್ದರೆ ಅದು ಆಗಿಬರಲ್ಲ.

ಗಿಡಗಳಲ್ಲಿ ಮರಳನ್ನು ಮೆಚ್ಚಿದ್ದು ವ್ಯಾಲಿಸ್ನೇರಿಯಾ, ರಿಬ್ಬನ್ನಿನಂಥ ಉದ್ದ ಎಲೆಯ ನೀರುಗಿಡ. ಆರು ಬುಡ ನೆಟ್ಟಿದ್ದೆ. ಮೊದಲ ತಿಂಗಳು ಸುಮ್ನೆ ನಿಂತಿದ್ದವು. ಆಮೇಲೆ ಮರಳಿನೊಳಗೇ ಬಳ್ಳಿ ಹರಿಸಿ ಹಿಂದಿನ ಗೋಡೆಯುದ್ದಕ್ಕೂ ಹುಲ್ಲುಗಾವಲು. ಕ್ರಿಪ್ಟೊಕೊರೈನ್ ನೆಟ್ಟ ವಾರದಲ್ಲೇ ಎಲೆಯೆಲ್ಲ ಕರಗಿ ಲೋಳೆಯಾಯಿತು. ಕೀಳಬೇಡಿ, ಬೇರು ಬದುಕಿರುತ್ತದೆ. ನನ್ನದು ಐದು ವಾರಕ್ಕೆ ಮತ್ತೆ ಚಿಗುರಿತು. ಈ ಕುಲದ ಕೆಲವು ಜಾತಿಗಳು ನಮ್ಮ ಪಶ್ಚಿಮಘಟ್ಟದ ಹಳ್ಳಗಳಲ್ಲೇ ಇವೆ. ಆದರೂ ನಾವು ಅಂಗಡಿಯಿಂದ ಹೊರಗಿನ ತಳಿ ತರುತ್ತೇವೆ. ನರ್ಸರಿಯಲ್ಲಿ ಸಿಕ್ಕ ನೀರುಬ್ರಾಹ್ಮಿಯೂ ನೀರೊಳಗೆ ನೆಟ್ಟಗೆ ಬೆಳೆಯಿತು. ಬ್ರಾಹ್ಮಿ ಅಂತ ಕೇಳಿದರೆ ಒಂದೆಲಗ ಕೊಟ್ಟುಬಿಡುತ್ತಾರೆ, ಎಲೆ ನೋಡಿ ತನ್ನಿ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ಜೋಡಿ ಜೋಡಿಯಾಗಿರುತ್ತದೆ. ಅನುಬಿಯಾಸ್ ಮತ್ತು ಜಾವಾ ಫರ್ನ್‌ನ ಗಡ್ಡೆಯಂಥ ಕಾಂಡವನ್ನು ಮರಳಲ್ಲಿ ಹೂಳಬೇಡಿ, ಕೊಳೆಯುತ್ತದೆ. ಕಲ್ಲಿಗೆ ದಾರದಲ್ಲಿ ಕಟ್ಟಿ.

ಮರಳಲ್ಲಿ ಹೊಸ ಗಿಡ ತೇಲಿ ಬರುವುದು ದಿನಾ ನಡೆಯುವ ಕಥೆ. ನೆಟ್ಟಗೆ ಚುಚ್ಚುವ ಬದಲು ಚಿಮಟದಲ್ಲಿ ಓರೆಯಾಗಿ ಇಳಿಸಿ, ಸ್ವಲ್ಪ ಜಾಸ್ತಿ ಆಳಕ್ಕೆ ಹೂತು, ಆಮೇಲೆ ಒಂದು ಚೂರು ಮೇಲಕ್ಕೆಳೆದರೆ ಬೇರು ಹರಡಿಕೊಂಡು ನಿಲ್ಲುತ್ತದೆ.

ನಾಲ್ಕನೇ ತಿಂಗಳಲ್ಲಿ ಅಂದಗೆಡಿಸಿದ ಒಂದು ವ್ಯಾಲಿಸ್ನೇರಿಯಾವನ್ನು ಜೋರಾಗಿ ಎಳೆದೆ. ಬೇರು ಜೇಡಿ ಉಂಡೆಯನ್ನು ತಬ್ಬಿಕೊಂಡಿತ್ತು. ಉಂಡೆ ನೀರಲ್ಲಿ ಒಡೆಯಿತು, ಗೊಬ್ಬರದ ಕಾಳು ಚೆಲ್ಲಾಪಿಲ್ಲಿ. ಅರ್ಧ ನೀರು ಬದಲಾಯಿಸಿದೆ. ಆದರೂ ಐದನೇ ದಿನಕ್ಕೆ ತೊಟ್ಟಿ ಬಾಳೆ ಎಲೆಯ ಹಸಿರು. ಲೈಟ್ ಆರಿಸಿ, ಹಳೆಯ ಬೆಡ್‌ಶೀಟ್ ಹೊದಿಸಿ ನಾಲ್ಕು ದಿನ ಬಿಟ್ಟೆ. ತಿಳಿಯಾಯಿತು. ಈಗ ಗಿಡ ಬೇಡವಾದರೆ ಎಳೆಯಲ್ಲ, ಮರಳಿನ ಮಟ್ಟಕ್ಕೆ ಕತ್ತರಿಸುತ್ತೇನೆ.

ಇನ್ನೊಂದು ಮೂಲೆಯಲ್ಲಿ ಚೆಂದ ಕಾಣಲಿ ಅಂತ ಹತ್ತು ಸೆಂಟಿಮೀಟರ್ ಗುಡ್ಡ ಮಾಡಿದ್ದೆ. ಗಿಡ ಇರಲಿಲ್ಲ. ಗಾಜಿನಿಂದ ನೋಡಿದರೆ ಒಳಗೆ ಕಪ್ಪು ಪಟ್ಟೆ. ಕಡ್ಡಿ ಹಾಕಿದರೆ ಗುಳ್ಳೆ, ಕೊಳೆತ ಮೊಟ್ಟೆಯ ವಾಸನೆ. ಆಮ್ಲಜನಕ ಇಳಿಯದ ಕಡೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅದು. ಹೆದರಿ ಒಂದೇ ಸಲ ಎಲ್ಲ ಕದಡಲು ಹೋಗಬೇಡಿ, ಮೀನಿಗೆ ಅಪಾಯ. ದಿನಕ್ಕೆ ಒಂದೆರಡು ಚಮಚದಂತೆ ಗುಡ್ಡ ಇಳಿಸಿ, ಆ ಜಾಗದಲ್ಲೇ ವ್ಯಾಲಿಸ್ನೇರಿಯಾ ನೆಟ್ಟೆ. ಬೇರು ತನ್ನ ಸುತ್ತ ಆಮ್ಲಜನಕ ಬಿಡುತ್ತದೆ. ಗಿಡದ ಜೊತೆ ಬಂದ ಶಂಖದಾಕಾರದ ಬಸವನಹುಳುಗಳೂ ಮರಳಿನೊಳಗೆ ಓಡಾಡಿ ಸಡಿಲ ಮಾಡುತ್ತವೆ. ಎರಡು ತಿಂಗಳಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗಿತು.

ಫಿಲ್ಟರಿನ ಬಾಯಿ ಮರಳಿಗಿಂತ ಮೂರು ಇಂಚು ಮೇಲಿರಲಿ, ಸ್ಪಂಜು ಕಟ್ಟಿ. ನಾನು ಕಟ್ಟದೆ ಮೋಟಾರಿನೊಳಗೆ ಮರಳು ಹೋಗಿ ರಾತ್ರಿಯಿಡೀ ಕರಕರ ಅಂದಿತು. ಮುಂದಿನ ಗಾಜಿನ ಅಂಚಿನಲ್ಲಿ ಮರಳಿನೊಳಗೆ ಹಸಿರು ಪಾಚಿ ಪಟ್ಟಿ ಕಟ್ಟುತ್ತದೆ, ಹೊರಗಿನಿಂದ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದರೆ ಬೆಳಕು ಹೋಗಲ್ಲ, ಪಾಚಿಯೂ ಇಲ್ಲ. ಮೊದಲ ತಿಂಗಳ ಕಂದು ಪಾಚಿಗೆ ಸಿಲಿಕಾ ಮರಳೇ ಕಾರಣ ಎಂದು ಹೆದರಿಸಿದವರಿದ್ದರು. ದುಬಾರಿ ಮಣ್ಣು ಹಾಕಿದ ಗೆಳೆಯನ ತೊಟ್ಟಿಯಲ್ಲೂ ಅದೇ ಪಾಚಿ ಬಂದು ಹೋಯಿತು.

ಜೂನ್‌ನಲ್ಲಿ ಮನೆ ಬದಲಾಯಿಸಬೇಕು. ಮೂರು ವರ್ಷ ಕದಡದ ಮರಳನ್ನು ಹಾಗೇ ಎತ್ತಿ ಹೊಸ ಜಾಗದಲ್ಲಿ ಸುರಿದರೆ ಒಳಗಿನ ಕೊಳೆಯೆಲ್ಲ ನೀರಿಗೆ ಬರುತ್ತದೆ. ತೊಟ್ಟಿಯದೇ ನೀರಿನಲ್ಲಿ ಮತ್ತೆ ಗಾಳಿಸಬೇಕು, ನಲ್ಲಿಯ ಕ್ಲೋರಿನ್ ನೀರಲ್ಲಿ ಅಲ್ಲ. ಮುಚ್ಚಳ ಇರುವ ಮೂರು ಪೇಂಟ್ ಬಕೆಟ್ ತೊಳೆದು ಎತ್ತಿಟ್ಟಿದ್ದೇನೆ. ಪ್ಯಾಕರ್ಸ್‌ನವರಿಗೆ ಅವುಗಳಲ್ಲಿ ಏನಿರುತ್ತದೆ ಎಂದು ಇನ್ನೂ ಹೇಳಿಲ್ಲ.